ತುಕ್ಕು ಹಿಡಿದ ದ್ವಿಚಕ್ರ ವಾಹನದ ಭಾಗಗಳಿಗೆ ಮನೆಯಲ್ಲಿ ಬಣ್ಣ ಬಳಿಯುವ ಮುನ್ನ: ವಾಹನ ಮಾಲೀಕರಿಗೆ ಮಾಹಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರ ಪ್ರಕಾರ ಸ್ವಂತ ಉಪಯೋಗದ ಮೋಟಾರು ಸೈಕಲ್ಲಿನ ನೋಂದಣಿಯು ಪ್ರಮಾಣಪತ್ರ ನೀಡಿದ ದಿನಾಂಕದಿಂದ 15 ವರ್ಷಗಳವರೆಗೆ ಮಾತ್ರ ಸಿಂಧುವಾಗಿರುತ್ತದೆ. ತದನಂತರ ವಾಹನವನ್ನು ರಸ್ತೆಯಲ್ಲಿ ಚಲಾಯಿಸಲು ನೋಂದಣಿಯನ್ನು ನವೀಕರಿಸಿಕೊಳ್ಳುವುದು ಕಡ್ಡಾಯ. ನವೀಕರಣಕ್ಕೆ ನಮೂನೆ-25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ನೋಂದಣಿ ಪ್ರಾಧಿಕಾರದ ಮುಂದೆ ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ.

ಹದಿನೈದು ವರ್ಷ ಬಿಸಿಲು ಮಳೆಗಳಲ್ಲಿ ಓಡಿದ ವಾಹನಕ್ಕೆ ತುಕ್ಕು ಹಿಡಿದಿರುವುದು ಸಹಜ. ಆದ್ದರಿಂದ ಅನೇಕ ಮಾಲೀಕರು ತಪಾಸಣೆಗೆ ಕೆಲವು ದಿನಗಳ ಮುಂಚೆ ಮನೆಯಲ್ಲಿಯೇ ತುಕ್ಕನ್ನು ಉಜ್ಜಿ ಬಣ್ಣ ಬಳಿಯುತ್ತಾರೆ. ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. ಕ್ರಮಬದ್ಧವಾಗಿ ಮಾಡಿದಲ್ಲಿ ವಾಹನದ ಆಯುಷ್ಯವೂ ಹೆಚ್ಚುತ್ತದೆ. ಆದರೆ ಬಣ್ಣ ಬಳಿಯುವ ಭರದಲ್ಲಿ ಚಾಸಿಸ್ ಸಂಖ್ಯೆಯು ಅಳಿಸಿಹೋದರೆ, ವಾಹನದ ಬಣ್ಣವು ದಾಖಲೆಗೆ ಹೊಂದದಂತಾದರೆ, ಅಥವಾ ದುರ್ಬಲಗೊಂಡ ಲೋಹವು ಬಣ್ಣದ ಕೆಳಗೆ ಅಡಗಿಹೋದರೆ, ಉಳಿತಾಯದ ಉದ್ದೇಶದಿಂದ ಕೈಗೊಂಡ ಕೆಲಸವೇ ಮಾಲೀಕರಿಗೆ ನಷ್ಟವನ್ನುಂಟುಮಾಡುತ್ತದೆ. ಆದ್ದರಿಂದ ಈ ಕೆಳಗಿನ ಮಾಹಿತಿಯನ್ನು ಸಾರ್ವಜನಿಕರ ಅವಗಾಹನೆಗಾಗಿ ನೀಡಲಾಗಿದೆ.

1. ತುಕ್ಕು ಹಿಡಿಯಲು ಕಾರಣ

ಕಬ್ಬಿಣವು ನೀರು ಹಾಗೂ ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಸೇರಿದಾಗ ತುಕ್ಕು ಉಂಟಾಗುತ್ತದೆ. ಉಪ್ಪಿನ ಅಂಶವಿದ್ದಲ್ಲಿ ಈ ಕ್ರಿಯೆ ತೀವ್ರಗೊಳ್ಳುತ್ತದೆ. ಆದ್ದರಿಂದಲೇ ಕಾರವಾರ, ಉಡುಪಿ, ಮಂಗಳೂರು ಮುಂತಾದ ಕರಾವಳಿ ಪ್ರದೇಶಗಳಲ್ಲಿನ ವಾಹನಗಳಿಗೆ ಒಳನಾಡಿನ ವಾಹನಗಳಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಮಲೆನಾಡಿನಲ್ಲಿ ದೀರ್ಘ ಮಳೆಗಾಲ ಹಾಗೂ ಮಡ್‌ಗಾರ್ಡ್‌ನ ಒಳಭಾಗದಲ್ಲಿ ಅಂಟಿಕೊಂಡು ಉಳಿಯುವ ಒದ್ದೆ ಮಣ್ಣು ಇದೇ ಪರಿಣಾಮವನ್ನು ಬೀರುತ್ತವೆ.

ಬಣ್ಣವು ನೀರು ಹಾಗೂ ಗಾಳಿಯನ್ನು ಲೋಹದಿಂದ ದೂರವಿಡುವ ಹೊದಿಕೆಯಾಗಿರುತ್ತದೆ. ತುಕ್ಕನ್ನು ತೆಗೆಯದೆ ಅದರ ಮೇಲೆಯೇ ಬಣ್ಣ ಬಳಿದರೆ, ತುಕ್ಕಿನ ಪದರದಲ್ಲಿರುವ ತೇವ ಮತ್ತು ಉಪ್ಪು ಒಳಗೇ ಉಳಿದು ಕ್ರಿಯೆ ಮುಂದುವರಿಯುತ್ತದೆ. ಬಣ್ಣವು ಗುಳ್ಳೆ ಎದ್ದು ಹೊಪ್ಪಳೆಯಾಗಿ ಉದುರಲು ಇದೇ ಮುಖ್ಯ ಕಾರಣ. ಬಣ್ಣದ ಗುಣಮಟ್ಟಕ್ಕಿಂತಲೂ ಬಣ್ಣಕ್ಕೆ ಮುಂಚಿನ ಸಿದ್ಧತೆಯೇ ಹೆಚ್ಚು ಮಹತ್ವದ್ದೆಂಬುದನ್ನು ಮಾಲೀಕರು ಗಮನಿಸಬೇಕು.

2. ಮನೆಯಲ್ಲಿ ಬಣ್ಣ ಬಳಿಯಬಹುದಾದ ಮತ್ತು ಬಳಿಯಬಾರದ ಭಾಗಗಳು

ಸೈಡ್ ಸ್ಟ್ಯಾಂಡ್, ಸೆಂಟರ್ ಸ್ಟ್ಯಾಂಡ್, ಲೆಗ್ ಗಾರ್ಡ್, ಸೀರೆ ಗಾರ್ಡ್, ಹಿಂಬದಿಯ ಕ್ಯಾರಿಯರ್, ಚೈನ್ ಕವರ್, ಫುಟ್‌ರೆಸ್ಟಿನ ಕಂಬಿ ಹಾಗೂ ಬ್ಯಾಟರಿ ಇಡುವ ತಟ್ಟೆಗಳನ್ನು ಮಾಲೀಕರು ಸ್ವತಃ ಉಜ್ಜಿ ಬಣ್ಣ ಬಳಿಯಬಹುದು. ಸೈಲೆನ್ಸರಿಗೆ ಸಾಮಾನ್ಯ ಎನಾಮೆಲ್ ಬಣ್ಣ ಬಳಿದರೆ ಅದು ಶಾಖಕ್ಕೆ ಸುಟ್ಟು ಉದುರುವುದರಿಂದ, ಶಾಖ ತಡೆಯುವ ಬಣ್ಣವನ್ನೇ ಉಪಯೋಗಿಸಬೇಕು. ಸೈಲೆನ್ಸರ್ ಹಾಗೂ ಸ್ವಿಂಗ್ ಆರ್ಮ್‌ನ ಕೆಳಭಾಗದಲ್ಲಿ ನೀರು ಹೊರಹೋಗಲು ಬಿಟ್ಟಿರುವ ಸಣ್ಣ ರಂಧ್ರಗಳು ಬಣ್ಣದಿಂದ ಮುಚ್ಚದಂತೆ ನೋಡಿಕೊಳ್ಳಬೇಕು. ಅವು ಮುಚ್ಚಿದರೆ ನೀರು ಒಳಗೇ ನಿಂತು ತುಕ್ಕು ಹೆಚ್ಚುತ್ತದೆ.

ಈ ಕೆಳಗಿನ ಭಾಗಗಳಿಗೆ ಯಾವುದೇ ಕಾರಣಕ್ಕೂ ಬಣ್ಣ ತಾಗಕೂಡದು:

(ಅ) ಬ್ರೇಕ್ ಡಿಸ್ಕ್, ಬ್ರೇಕ್ ಡ್ರಮ್ಮಿನ ಒಳಮೈ ಹಾಗೂ ಬ್ರೇಕ್ ಶೂ. ಇವುಗಳಿಗೆ ಬಣ್ಣ ಅಥವಾ ಎಣ್ಣೆ ತಾಗಿದಲ್ಲಿ ಬ್ರೇಕ್ ಹಿಡಿಯುವ ಶಕ್ತಿ ಕುಂದುತ್ತದೆ.
(ಆ) ಮುಂಭಾಗದ ಫೋರ್ಕಿನ ಹೊಳಪುಳ್ಳ ಕೊಳವೆ. ಇದರ ಮೇಲೆ ಆಯಿಲ್ ಸೀಲ್ ಜಾರುವುದರಿಂದ ಬಣ್ಣ ಬಳಿದರೆ ಸೀಲ್ ಹಾಳಾಗಿ ಎಣ್ಣೆ ಸೋರುತ್ತದೆ.
(ಇ) ಚೈನ್, ಸ್ಪ್ರಾಕೆಟ್, ಬೋಲ್ಟುಗಳ ಮರೆ, ಬೇರಿಂಗ್ ಕೂರುವ ಜಾಗ ಹಾಗೂ ರಬ್ಬರ್ ಬುಷ್.
(ಈ) ಬ್ಯಾಟರಿಯ ಅರ್ಥ್ ತಂತಿ ಚಾಸಿಸ್‌ಗೆ ಸೇರುವ ಸ್ಥಳ. ಇಲ್ಲಿ ಬಣ್ಣವಿದ್ದರೆ ವಿದ್ಯುತ್ ಸಂಪರ್ಕ ತಪ್ಪುತ್ತದೆ.
(ಉ) ದೀಪಗಳ ಗಾಜು, ರಿಫ್ಲೆಕ್ಟರ್, ನೋಂದಣಿ ಸಂಖ್ಯಾ ಫಲಕ ಹಾಗೂ ತಯಾರಕರು ಅಳವಡಿಸಿರುವ ವಿವರ ಫಲಕ.

ಚಾಸಿಸ್ ಚೌಕಟ್ಟು, ಸ್ವಿಂಗ್ ಆರ್ಮ್ ಹಾಗೂ ಇವುಗಳ ಬೆಸುಗೆಯ ಭಾಗಗಳು ಸವಾರರ ಭಾರವನ್ನು ಹೊರುವ ಭಾಗಗಳು. ಇವುಗಳ ಮೇಲಿನ ತುಕ್ಕನ್ನು ಮೊದಲು ಪರೀಕ್ಷಿಸಬೇಕು. ತಂತಿ ಬ್ರಷ್ಷಿನಿಂದ ಉಜ್ಜಿದಾಗ ಗಟ್ಟಿ ಲೋಹ ಕಾಣಿಸಿದಲ್ಲಿ ಅದು ಮೇಲ್ಮೈ ತುಕ್ಕಾಗಿದ್ದು, ಬಣ್ಣ ಬಳಿಯಬಹುದು. ಲೋಹವು ಪದರ ಪದರವಾಗಿ ಏಳುತ್ತಿದ್ದರೆ, ಸ್ಕ್ರೂ ಡ್ರೈವರಿನ ತುದಿಯಿಂದ ಒತ್ತಿದಾಗ ಒಳಗೆ ಇಳಿಯುತ್ತಿದ್ದರೆ, ರಂಧ್ರವಾಗಿದ್ದರೆ ಅಥವಾ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡುಬಂದರೂ, ಅಂತಹ ಭಾಗಕ್ಕೆ ಪುಟ್ಟಿ ತುಂಬಿ ಬಣ್ಣ ಬಳಿಯಕೂಡದು. ಪುಟ್ಟಿಯು ನೋಟವನ್ನು ಸರಿಪಡಿಸುತ್ತದೆಯೇ ಹೊರತು ಭಾರವನ್ನು ಹೊರುವುದಿಲ್ಲ. ತಪಾಸಣೆಯಲ್ಲಿ ಅದು ಕಣ್ಣಿಗೆ ಬೀಳದೆ ಹೋಗಬಹುದು. ಆದರೆ ರಸ್ತೆಯ ಮೇಲೆ ಚೌಕಟ್ಟು ತುಂಡಾದಲ್ಲಿ ಅಪಾಯಕ್ಕೆ ಒಳಗಾಗುವವರು ಮಾಲೀಕರು ಹಾಗೂ ಅವರ ಹಿಂದೆ ಕುಳಿತ ಕುಟುಂಬದವರೇ. ಇಂತಹ ವಾಹನವನ್ನು ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ತೋರಿಸಿ ಸಲಹೆ ಪಡೆಯುವುದು ಅವಶ್ಯ.

3. ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಯ ರಕ್ಷಣೆ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 122ರಂತೆ ತಯಾರಕರು ಪ್ರತಿ ವಾಹನದ ಮೇಲೆ ಚಾಸಿಸ್ ಸಂಖ್ಯೆ ಹಾಗೂ ಎಂಜಿನ್ ಸಂಖ್ಯೆಯನ್ನು ಲೋಹದಲ್ಲಿಯೇ ಮೂಡಿಸಿರುತ್ತಾರೆ. ಸಾಮಾನ್ಯವಾಗಿ ಮೋಟಾರು ಸೈಕಲ್ಲಿನ ಚಾಸಿಸ್ ಸಂಖ್ಯೆಯು ಹ್ಯಾಂಡಲ್ ತಿರುಗುವ ಕೊಳವೆಯ ಪಕ್ಕದಲ್ಲಿಯೂ, ಎಂಜಿನ್ ಸಂಖ್ಯೆಯು ಎಂಜಿನ್ನಿನ ಕೆಳಭಾಗದ ಕವಚದ ಮೇಲೂ ಇರುತ್ತದೆ. ನೋಂದಣಿ ಸಂಖ್ಯಾ ಫಲಕವನ್ನು ಬದಲಿಸಬಹುದು. ಆದರೆ ವಾಹನದ ನಿಜವಾದ ಗುರುತು ಈ ಸಂಖ್ಯೆಗಳೇ ಆಗಿವೆ. ತಪಾಸಣೆಯ ಸಮಯದಲ್ಲಿ ಮೋಟಾರು ವಾಹನ ನಿರೀಕ್ಷಕರು ಇವುಗಳನ್ನು ನೋಂದಣಿ ಪ್ರಮಾಣಪತ್ರದೊಂದಿಗೆ ತಾಳೆ ನೋಡುತ್ತಾರೆ. ಕಾಗದವನ್ನು ಸಂಖ್ಯೆಯ ಮೇಲಿಟ್ಟು ಪೆನ್ಸಿಲಿನಿಂದ ಉಜ್ಜಿ ಪಡಿಯಚ್ಚು ತೆಗೆದುಕೊಳ್ಳುವ ಪದ್ಧತಿಯೂ ಇದೆ.

ಉದಾಹರಣೆಗೆ, ಒಬ್ಬ ಮಾಲೀಕರು ತಪಾಸಣೆಯ ಹಿಂದಿನ ವಾರ ಹ್ಯಾಂಡಲ್ ಕೊಳವೆಯ ಸುತ್ತಲಿನ ತುಕ್ಕನ್ನು ಗ್ರೈಂಡರಿನಿಂದ ತೆಗೆಸಿ, ಪುಟ್ಟಿ ಹಾಕಿಸಿ, ದಪ್ಪನಾಗಿ ಬಣ್ಣ ಬಳಿದಿದ್ದಾರೆಂದು ಭಾವಿಸೋಣ. ವಾಹನವು ಹೊಸದರಂತೆ ಕಾಣುತ್ತದೆ. ಆದರೆ 17 ಅಕ್ಷರ ಹಾಗೂ ಅಂಕಿಗಳ ಚಾಸಿಸ್ ಸಂಖ್ಯೆಯಲ್ಲಿ ಕೆಲವು ಸವೆದುಹೋಗಿ, ಉಳಿದವು ಪುಟ್ಟಿಯ ಕೆಳಗೆ ಮುಚ್ಚಿಹೋಗಿರುತ್ತವೆ. ಆ ವಾಹನವು ದಾಖಲೆಯಲ್ಲಿರುವ ವಾಹನವೇ ಎಂದು ದೃಢಪಡಿಸಲು ನಿರೀಕ್ಷಕರಿಗೆ ಆಧಾರವಿರುವುದಿಲ್ಲ. ಮಾಲೀಕರಲ್ಲಿ ಯಾವ ದುರುದ್ದೇಶವೂ ಇಲ್ಲದಿದ್ದರೂ ಅರ್ಜಿಯು ತಡೆಹಿಡಿಯಲ್ಪಡುತ್ತದೆ. ಒಂದು ಡಬ್ಬಿ ಬಣ್ಣದ ವೆಚ್ಚದಲ್ಲಿ ಮುಗಿಯಬೇಕಾಗಿದ್ದ ಕೆಲಸಕ್ಕೆ ಮತ್ತೆ ಮತ್ತೆ ಕಚೇರಿಗೆ ಬರುವ ಖರ್ಚು, ಕಳೆದುಕೊಂಡ ದಿನಗೂಲಿ ಹಾಗೂ ವಾಹನವಿಲ್ಲದೆ ಕಳೆದ ದಿನಗಳು ಸೇರಿಕೊಳ್ಳುತ್ತವೆ.

ಇದನ್ನು ತಪ್ಪಿಸಲು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು:

(ಅ) ಕೆಲಸ ಪ್ರಾರಂಭಿಸುವ ಮುನ್ನ ಎರಡೂ ಸಂಖ್ಯೆಗಳು ಇರುವ ಸ್ಥಳವನ್ನು ಗುರುತಿಸಿ, ನೋಂದಣಿ ಪ್ರಮಾಣಪತ್ರದೊಂದಿಗೆ ತಾಳೆ ನೋಡಿ, ಛಾಯಾಚಿತ್ರ ಹಾಗೂ ಪೆನ್ಸಿಲ್ ಪಡಿಯಚ್ಚನ್ನು ತೆಗೆದಿಟ್ಟುಕೊಳ್ಳುವುದು.
(ಆ) ಸಂಖ್ಯೆಯ ಭಾಗವನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಿ, ಉಳಿದ ಭಾಗದಲ್ಲಿ ಮಾತ್ರ ಕೆಲಸ ಮಾಡುವುದು.
(ಇ) ಸಂಖ್ಯೆಯ ಮೇಲೆಯೇ ತುಕ್ಕು ಇದ್ದಲ್ಲಿ ಗ್ರೈಂಡರ್, ಡ್ರಿಲ್ಲಿಗೆ ಜೋಡಿಸುವ ತಂತಿ ಚಕ್ರ ಅಥವಾ ಒರಟು ಎಮರಿ ಕಾಗದ ಉಪಯೋಗಿಸದೆ, ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೃದುವಾಗಿ ಶುಚಿಗೊಳಿಸುವುದು.
(ಈ) ಆ ಭಾಗಕ್ಕೆ ಪುಟ್ಟಿ ಹಾಗೂ ದಪ್ಪ ಬಣ್ಣ ಹಾಕದೆ, ತೆಳುವಾದ ಪಾರದರ್ಶಕ ವಾರ್ನಿಷ್ ಅಥವಾ ಗ್ರೀಸ್ ಸವರುವುದು.

ಸಂಖ್ಯೆಯು ಈಗಾಗಲೇ ಓದಲಾಗದಷ್ಟು ಸವೆದಿದ್ದಲ್ಲಿ ಮಾಲೀಕರು ಸ್ವತಃ ಅಥವಾ ಗ್ಯಾರೇಜಿನಲ್ಲಿ ಅದನ್ನು ಮರು ಪಂಚ್ ಮಾಡಿಸಕೂಡದು. ಪ್ರಾಮಾಣಿಕ ಉದ್ದೇಶದಿಂದ ಮಾಡಿಸಿದರೂ ಅದು ಗುರುತು ತಿದ್ದಿದ ವಾಹನವೆಂಬ ಸಂಶಯಕ್ಕೆ ಎಡೆಮಾಡಿಕೊಡುತ್ತದೆ. ಇಂತಹ ಸಂದರ್ಭದಲ್ಲಿ ನೋಂದಣಿ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಿ, ಅವರ ಅನುಮತಿಯಂತೆ ಮುಂದುವರಿಯಬೇಕು.

4. ಬಣ್ಣದ ಬದಲಾವಣೆ ಮತ್ತು ನೋಂದಣಿ ದಾಖಲೆ

ವಾಹನದ ಬಣ್ಣವು ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗಿರುವ ವಿವರಗಳಲ್ಲಿ ಒಂದಾಗಿದೆ. ಪೆಟ್ರೋಲ್ ಟ್ಯಾಂಕ್, ಬದಿಯ ಕವಚ ಮುಂತಾದ ಮುಖ್ಯ ಭಾಗಗಳಿಗೆ ಮೊದಲಿದ್ದ ಬಣ್ಣವನ್ನೇ ಪುನಃ ಬಳಿದಲ್ಲಿ ದಾಖಲೆಯಲ್ಲಿ ಬದಲಾವಣೆಯ ಅಗತ್ಯವಿಲ್ಲ. ಸ್ಟ್ಯಾಂಡ್, ಕ್ಯಾರಿಯರ್, ಸೈಲೆನ್ಸರ್ ಮುಂತಾದ ಬಿಡಿ ಭಾಗಗಳಿಗೆ ಕಪ್ಪು ಅಥವಾ ಬೆಳ್ಳಿ ಬಣ್ಣ ಬಳಿಯುವುದರಿಂದಲೂ ವಾಹನದ ಮುಖ್ಯ ಬಣ್ಣ ಬದಲಾಗುವುದಿಲ್ಲ.

ಮುಖ್ಯ ಬಣ್ಣವನ್ನೇ ಬದಲಿಸಲು ಇಚ್ಛಿಸುವವರು ಕೆಲಸಕ್ಕೆ ಮುಂಚಿತವಾಗಿ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸಿ, ಪ್ರಮಾಣಪತ್ರದಲ್ಲಿ ಬಣ್ಣದ ವಿವರವನ್ನು ತಿದ್ದುಪಡಿ ಮಾಡಿಸಿಕೊಳ್ಳುವ ವಿಧಾನವನ್ನು ತಿಳಿದುಕೊಳ್ಳಬೇಕು. ಕೆಂಪು ಎಂದು ನಮೂದಾಗಿರುವ ವಾಹನವು ರಸ್ತೆಯಲ್ಲಿ ನೀಲಿಯಾಗಿ ಕಂಡುಬಂದರೆ ತಪಾಸಣೆ, ವರ್ಗಾವಣೆ ಹಾಗೂ ವಿಮಾ ಪರಿಹಾರದ ಸಂದರ್ಭಗಳಲ್ಲಿ ಪ್ರಶ್ನೆಗಳು ಉದ್ಭವಿಸುತ್ತವೆ. ವಾಹನವು ಸಾಲದ ಕರಾರಿಗೆ ಒಳಪಟ್ಟಿದ್ದಲ್ಲಿ ಹಣಕಾಸು ಸಂಸ್ಥೆಯ ಒಪ್ಪಿಗೆಯನ್ನು ಪಡೆಯುವುದು ಹಾಗೂ ತಿದ್ದುಪಡಿಯ ನಂತರ ವಿಮಾ ಕಂಪನಿಗೆ ತಿಳಿಸುವುದು ಸೂಕ್ತ.

ಕೇಂದ್ರ ನಿಯಮ 121ರಂತೆ ರಕ್ಷಣಾ ಇಲಾಖೆಯ ವಾಹನಗಳ ಹೊರತು ಇತರ ಯಾವುದೇ ವಾಹನಕ್ಕೆ ಸೇನೆಯ ಆಲಿವ್ ಹಸಿರು ಬಣ್ಣ ಬಳಿಯುವಂತಿಲ್ಲ. ಹಳೆಯ ಮಾದರಿಯ ಮೋಟಾರು ಸೈಕಲ್ಲುಗಳಿಗೆ ಅಂದಕ್ಕಾಗಿ ಈ ಬಣ್ಣವನ್ನು ಬಯಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

5. ಬಣ್ಣ ಬಳಿಯುವ ಕ್ರಮ

ಹಂತ 1: ವಾಹನವನ್ನು ಸೋಪಿನ ನೀರಿನಿಂದ ತೊಳೆದು, ನಂತರ ಸಾಕಷ್ಟು ಸಿಹಿನೀರಿನಿಂದ ಜಾಲಿಸಿ ಪೂರ್ಣವಾಗಿ ಒಣಗಿಸುವುದು. ಕರಾವಳಿಯ ಮಾಲೀಕರು ಉಪ್ಪಿನಂಶ ಹೋಗುವಂತೆ ಎರಡು ಬಾರಿ ತೊಳೆಯುವುದು ಒಳ್ಳೆಯದು.

ಹಂತ 2: ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ, ಬಿಚ್ಚಬಹುದಾದ ಭಾಗಗಳನ್ನು ಬಿಚ್ಚಿ, ಬೋಲ್ಟು ವಾಷರುಗಳನ್ನು ಭಾಗವಾರು ಪ್ರತ್ಯೇಕವಾಗಿ ಇಡುವುದು. ಸ್ಟ್ಯಾಂಡಿನ ಸ್ಪ್ರಿಂಗ್ ಬಿಚ್ಚುವಾಗ ಅದು ಸಿಡಿಯುವ ಸಂಭವವಿರುವುದರಿಂದ ಕಣ್ಣಿಗೆ ಕನ್ನಡಕ ಧರಿಸುವುದು.

ಹಂತ 3: ಎಣ್ಣೆ ಹಾಗೂ ಗ್ರೀಸನ್ನು ಸೀಮೆಎಣ್ಣೆಯಿಂದ ತೆಗೆಯುವುದು. ಸೀಮೆಎಣ್ಣೆಯು ಜಿಡ್ಡಿನ ತೆಳು ಪದರವನ್ನು ಬಿಡುವುದರಿಂದ ಕೊನೆಯಲ್ಲಿ ಥಿನ್ನರ್ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸುವುದು.

ಹಂತ 4: ತಂತಿ ಬ್ರಷ್ಷಿನಿಂದ ಸಡಿಲ ತುಕ್ಕನ್ನು ತೆಗೆದು, 80 ಅಥವಾ 120 ಸಂಖ್ಯೆಯ ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜುವುದು. ಹಳೆಯ ಬಣ್ಣದ ಅಂಚುಗಳನ್ನು 220 ಸಂಖ್ಯೆಯ ಕಾಗದದಿಂದ ಸಮತಟ್ಟುಗೊಳಿಸುವುದು. ಗುಣಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕು ನಿವಾರಕ ದ್ರಾವಣವನ್ನು ಡಬ್ಬಿಯ ಮೇಲಿನ ಸೂಚನೆಯಂತೆ ಹಚ್ಚುವುದು.

ಹಂತ 5: ಬರಿಯ ಲೋಹಕ್ಕೆ ಗಾಳಿಯ ತೇವದಿಂದ ಕೆಲವೇ ಗಂಟೆಗಳಲ್ಲಿ ಮತ್ತೆ ತೆಳು ತುಕ್ಕು ಹಿಡಿಯಬಹುದಾದ್ದರಿಂದ ಅದೇ ದಿನ ಪ್ರೈಮರ್ ಬಳಿಯುವುದು. ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಅಥವಾ ಜಿಂಕ್ ಫಾಸ್ಫೇಟ್ ಪ್ರೈಮರ್ ಸೂಕ್ತ. ಅಲ್ಯೂಮಿನಿಯಂ ಭಾಗಗಳಿಗೆ ಅದಕ್ಕೆಂದೇ ದೊರೆಯುವ ಎಚ್ ಪ್ರೈಮರ್ ಅವಶ್ಯ. ಪ್ರೈಮರ್ ಮಾತ್ರ ಬಳಿದು ಬಿಟ್ಟರೆ ಅದು ತೇವವನ್ನು ಪೂರ್ಣವಾಗಿ ತಡೆಯುವುದಿಲ್ಲ.

ಹಂತ 6: ಪ್ರೈಮರ್ ಒಣಗಿದ ನಂತರ 400 ಸಂಖ್ಯೆಯ ಕಾಗದದಿಂದ ಹಗುರವಾಗಿ ಉಜ್ಜಿ, ಒರೆಸಿ, ಬಣ್ಣ ಬಳಿಯುವುದು. ಸ್ಪ್ರೇ ಡಬ್ಬಿಯನ್ನು 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದೇ ದಪ್ಪ ಲೇಪಕ್ಕೆ ಬದಲಾಗಿ ಎರಡು ಮೂರು ತೆಳು ಲೇಪಗಳನ್ನು ನೀಡುವುದು. ಲೇಪಗಳ ನಡುವಿನ ಅಂತರವನ್ನು ಡಬ್ಬಿಯ ಸೂಚನೆಯಂತೆ ಪಾಲಿಸುವುದು. ಎನಾಮೆಲ್ ಬಣ್ಣದ ಮೇಲೆ ಎನ್.ಸಿ. ಬಣ್ಣ ಹೊಡೆದರೆ ಅದರ ತೀಕ್ಷ್ಣ ಥಿನ್ನರಿನಿಂದ ಕೆಳಗಿನ ಬಣ್ಣ ಸುಕ್ಕುಗಟ್ಟುವುದರಿಂದ, ಒಂದೇ ಜಾತಿಯ ಬಣ್ಣಗಳನ್ನು ಉಪಯೋಗಿಸುವುದು.

ಹಂತ 7: ಬಣ್ಣ ಕೈಗೆ ಅಂಟದಿದ್ದ ಮಾತ್ರಕ್ಕೆ ಪೂರ್ಣ ಗಟ್ಟಿಯಾಗಿದೆಯೆಂದು ತಿಳಿಯದೆ, ಕನಿಷ್ಠ 24 ಗಂಟೆಗಳ ನಂತರ ಭಾಗಗಳನ್ನು ಜೋಡಿಸುವುದು. ಬೋಲ್ಟಿನ ಕೆಳಗಿನ ಬಣ್ಣವು ಒತ್ತಡಕ್ಕೆ ಕುಗ್ಗಿ ಬೋಲ್ಟು ಸಡಿಲವಾಗುವ ಸಂಭವವಿರುವುದರಿಂದ, ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯನ್ನು ಪರೀಕ್ಷಿಸುವುದು.

ಮಳೆಗಾಲದಲ್ಲಿ ಹಾಗೂ ಮಂಜು ಬೀಳುವ ಹೊತ್ತಿನಲ್ಲಿ ಬಣ್ಣ ಹೊಡೆದರೆ ತೇವಾಂಶದಿಂದ ಮೇಲ್ಮೈ ಬೆಳ್ಳಗೆ ಮಂಕಾಗುತ್ತದೆ. ಸುಡುಬಿಸಿಲಿನಲ್ಲಿ ಕಾದ ಲೋಹದ ಮೇಲೂ ಬಣ್ಣ ಸರಿಯಾಗಿ ಕೂರುವುದಿಲ್ಲ. ಒಣ ಹವೆಯ ದಿನ, ಗಾಳಿಯಾಡುವ ನೆರಳಿನ ಜಾಗ ಇದಕ್ಕೆ ಯೋಗ್ಯ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ನೋಂದಣಿ ಮುಗಿಯುವ ವಾಹನಗಳ ಮಾಲೀಕರು ಈ ಕೆಲಸವನ್ನು ಬೇಸಿಗೆಯಲ್ಲಿಯೇ ಪೂರೈಸಿಕೊಳ್ಳುವುದು ಲೇಸು.

6. ಸುರಕ್ಷತಾ ಕ್ರಮಗಳು

ಥಿನ್ನರ್, ಪೆಟ್ರೋಲ್ ಹಾಗೂ ಸ್ಪ್ರೇ ಡಬ್ಬಿಯ ಅನಿಲ ಬೇಗನೆ ಬೆಂಕಿ ಹಿಡಿಯುವ ವಸ್ತುಗಳು. ಅಡುಗೆ ಮನೆಯ ಸಮೀಪ, ಮುಚ್ಚಿದ ಕೋಣೆಯಲ್ಲಿ ಅಥವಾ ನೆಲಮಾಳಿಗೆಯ ವಾಹನ ನಿಲುಗಡೆಯಲ್ಲಿ ಈ ಕೆಲಸ ಮಾಡಕೂಡದು. ಬೀಡಿ, ಸಿಗರೇಟು, ದೀಪ, ಊದುಬತ್ತಿ ಹತ್ತಿರವಿರಕೂಡದು. ಪೆಟ್ರೋಲ್ ಟ್ಯಾಂಕ್ ಖಾಲಿಯಾಗಿದ್ದರೂ ಅದರಲ್ಲಿ ಆವಿ ಉಳಿದಿರುತ್ತದೆ. ಆದ್ದರಿಂದ ಟ್ಯಾಂಕಿನ ರಂಧ್ರಕ್ಕೆ ಬೆಸುಗೆ ಹಾಕುವ ಪ್ರಯತ್ನವನ್ನು ಮನೆಯಲ್ಲಿ ಎಂದಿಗೂ ಮಾಡಬಾರದು.

ಸಾಮಾನ್ಯ ಬಟ್ಟೆಯ ಮುಖಗವಸು ಧೂಳನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆಯೇ ಹೊರತು ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಗಟ್ಟಿಕಾರಕ ಬೆರೆಸಿ ಹೊಡೆಯುವ ಎರಡು ಡಬ್ಬಿಗಳ ಪಿ.ಯು. ಬಣ್ಣಗಳಲ್ಲಿ ಶ್ವಾಸಕೋಶಕ್ಕೆ ತೀವ್ರ ಹಾನಿಯುಂಟುಮಾಡುವ ಐಸೊಸಯನೇಟ್ ಅಂಶವಿರುತ್ತದೆ. ಇಂತಹ ಕೆಲಸವನ್ನು ಸೂಕ್ತ ಸಲಕರಣೆಗಳಿರುವ ಪೇಂಟಿಂಗ್ ಗ್ಯಾರೇಜಿಗೆ ಬಿಡುವುದು ಉತ್ತಮ. ಪೆಟ್ರೋಲ್ ಚೆಲ್ಲಿದರೂ ಕರಗದ ಮೇಲ್ಲೇಪ ಬೇಕಾಗುವುದರಿಂದ ಟ್ಯಾಂಕಿನ ಕೆಲಸವೂ ಇದೇ ವರ್ಗಕ್ಕೆ ಸೇರುತ್ತದೆ.

ಹಳೆಯ ಬಣ್ಣದಲ್ಲಿ ಸೀಸದ ಅಂಶ ಇರಬಹುದಾದ್ದರಿಂದ ಉಜ್ಜಿದ ಪುಡಿಯನ್ನು ಊದದೆ, ಒದ್ದೆ ಬಟ್ಟೆಯಿಂದ ಸಂಗ್ರಹಿಸಿ, ಮಕ್ಕಳನ್ನು ದೂರವಿಡಬೇಕು. ಉಳಿದ ಥಿನ್ನರನ್ನು ಚರಂಡಿಗೆ ಸುರಿಯದೆ, ಬಣ್ಣದ ಡಬ್ಬಿಗಳನ್ನು ಅಪಾಯಕಾರಿ ಗೃಹ ತ್ಯಾಜ್ಯವಾಗಿ ಪ್ರತ್ಯೇಕಿಸಿ ಸ್ಥಳೀಯ ಸಂಸ್ಥೆಯ ಸಂಗ್ರಹಣಾ ವ್ಯವಸ್ಥೆಗೆ ನೀಡಬೇಕು.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನವೀಕರಣಕ್ಕೆ ವಾಹನವು ಹೊಸದರಂತೆ ಕಾಣಬೇಕೆ?
ಉತ್ತರ: ಇಲ್ಲ. ವಾಹನದ ಗುರುತು ಸ್ಪಷ್ಟವಾಗಿರುವುದು ಹಾಗೂ ಅದು ರಸ್ತೆಯಲ್ಲಿ ಸುರಕ್ಷಿತವಾಗಿ ಚಲಿಸುವ ಸ್ಥಿತಿಯಲ್ಲಿರುವುದು ಮುಖ್ಯ. ಮೇಲ್ಮೈ ತುಕ್ಕಿದ್ದು ಸಂಖ್ಯೆ ಓದುವಂತಿರುವ ವಾಹನವು, ಹೊಳೆಯುತ್ತಿದ್ದು ಸಂಖ್ಯೆ ಅಳಿಸಿಹೋದ ವಾಹನಕ್ಕಿಂತ ಉತ್ತಮ.

ಪ್ರಶ್ನೆ: ಅತಿ ಸುರಕ್ಷಿತ ನೋಂದಣಿ ಫಲಕವನ್ನು ಬಿಚ್ಚಿ ಮಡ್‌ಗಾರ್ಡ್‌ಗೆ ಬಣ್ಣ ಬಳಿಯಬಹುದೆ?
ಉತ್ತರ: ಸದರಿ ಫಲಕವನ್ನು ಮತ್ತೆ ಬಳಸಲಾಗದ ಸ್ನ್ಯಾಪ್ ಲಾಕ್‌ನಿಂದ ಅಳವಡಿಸಲಾಗಿರುತ್ತದೆ, ಬಿಚ್ಚಿದರೆ ಲಾಕ್ ಮುರಿಯುತ್ತದೆ. ಆದ್ದರಿಂದ ಫಲಕವನ್ನು ಬಿಚ್ಚದೆ, ಕಾಗದ ಹಾಗೂ ಟೇಪಿನಿಂದ ಮುಚ್ಚಿ ಕೆಲಸ ಮಾಡುವುದು.

ಪ್ರಶ್ನೆ: ನವೀಕರಣಕ್ಕೆ ಯಾವಾಗ ಅರ್ಜಿ ಸಲ್ಲಿಸಬಹುದು ಮತ್ತು ಎಷ್ಟು ಅವಧಿಗೆ ನವೀಕರಿಸಲಾಗುವುದು?
ಉತ್ತರ: ನೋಂದಣಿ ಮುಕ್ತಾಯಗೊಳ್ಳುವ ದಿನಾಂಕಕ್ಕೆ 60 ದಿನಗಳಿಗಿಂತ ಹೆಚ್ಚು ಮುಂಚಿತವಾಗಿರದಂತೆ ಅರ್ಜಿ ಸಲ್ಲಿಸಬಹುದು. ನವೀಕರಣವು 5 ವರ್ಷಗಳ ಅವಧಿಗೆ ಇರುತ್ತದೆ. ಶುಲ್ಕ ಹಾಗೂ ತೆರಿಗೆಗಳು ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ದರದಂತೆ ಅನ್ವಯಿಸುತ್ತವೆ.

ಪ್ರಶ್ನೆ: ತಪಾಸಣೆಗೆ ಬರುವ ಮುನ್ನ ಏನನ್ನು ನೋಡಿಕೊಳ್ಳಬೇಕು?
ಉತ್ತರ: ಚಾಸಿಸ್ ಮತ್ತು ಎಂಜಿನ್ ಸಂಖ್ಯೆ ಬರಿಗಣ್ಣಿಗೆ ಓದುವಂತಿರುವುದು, ಬಣ್ಣವು ಪ್ರಮಾಣಪತ್ರಕ್ಕೆ ಹೊಂದುವುದು, ಬ್ರೇಕ್, ಹಾರ್ನ್, ಮುಂದಿನ ಹಾಗೂ ಹಿಂದಿನ ದೀಪ, ಇಂಡಿಕೇಟರ್ ಕೆಲಸ ಮಾಡುವುದು, ರಿಫ್ಲೆಕ್ಟರ್ ಮತ್ತು ಸಂಖ್ಯಾ ಫಲಕ ಶುಭ್ರವಾಗಿರುವುದು, ವಿಮೆ ಹಾಗೂ ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ ಚಾಲ್ತಿಯಲ್ಲಿರುವುದು. ಕೆಲಸಕ್ಕೆ ಮುಂಚೆ ತೆಗೆದಿಟ್ಟ ಪಡಿಯಚ್ಚು ಹಾಗೂ ಛಾಯಾಚಿತ್ರಗಳನ್ನು ಜೊತೆಯಲ್ಲಿ ತರುವುದು.

ಹಲವು ಕುಟುಂಬಗಳಿಗೆ ಹಳೆಯ ಮೋಟಾರು ಸೈಕಲ್ಲೇ ದುಡಿಮೆಯ ಸಾಧನವಾಗಿದ್ದು, ಅದರ ನೋಂದಣಿ ವಿಳಂಬವಾದರೆ ಜೀವನೋಪಾಯಕ್ಕೂ ತೊಂದರೆಯಾಗುತ್ತದೆ. ಆದುದರಿಂದ ವಾಹನ ಮಾಲೀಕರು ಕೊನೆಯ ವಾರದವರೆಗೆ ಕಾಯದೆ, ಮೊದಲು ಸಂಖ್ಯೆಯನ್ನು ರಕ್ಷಿಸಿ, ನಂತರ ಲೋಹವನ್ನು ಪರೀಕ್ಷಿಸಿ, ಕೊನೆಯಲ್ಲಿ ಬಣ್ಣ ಬಳಿಯುವ ಕ್ರಮವನ್ನು ಅನುಸರಿಸಬೇಕೆಂದು ಕೋರಲಾಗಿದೆ. ಸಂದೇಹವಿದ್ದಲ್ಲಿ ಬಣ್ಣ ಬಳಿಯುವ ಮುನ್ನವೇ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿಯ ಕೆಲಸದ ವೇಳೆಯಲ್ಲಿ ಸಂಪರ್ಕಿಸಿ ಮಾಹಿತಿ ಪಡೆಯಬಹುದಾಗಿದೆ.